ಸಾವಯವ ಅಂಶ ಮತ್ತು ಮಣ್ಣಿನೊಳಗೆ ಬ್ಯಾಕ್ಟೀರಿಯಾಗಳ ಚಲನೆ

ವಿಜಯಪುರದ ಇಬ್ರಾಹಿಂಪುರ ಸುತ್ತಲಿನದು ಬಸಾಲ್ಟ್ ಶಿಲೆಯಿಂದಾದ ಎರೆಭೂಮಿ. ಇದರ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಹೆಚ್ಚು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಸೂಕ್ಷ್ಮ ಕಣ, ಬ್ಯಾಕ್ಟೀರಿಯಾಗಳನ್ನು ಹೊತ್ತು ಈ ಬಿರುಕುಗಳಲ್ಲೇ ಕೆಳಗಿಳಿಯುತ್ತದೆ. ಮಣ್ಣಿಗೆ ಸೋಸುವ ಅವಕಾಶ ಸಿಗುವುದು ಕಡಿಮೆ.

ಹಲವರು ಎಡವುವುದು ಇಲ್ಲಿ: ಸಾವಯವ ಅಂಶದ ಪ್ರಭಾವ ಎರಡು ಬಗೆ. ಘನರೂಪದ ಹ್ಯೂಮಸ್ ಮಣ್ಣಿನ ಕಣಗಳನ್ನು ಸಣ್ಣ ಹೆಂಟೆಗಳಾಗಿ ಬೆಸೆದು ಜೇಡಿ ಚದುರದಂತೆ ತಡೆಯುತ್ತದೆ. ಆದರೆ ನೀರಿನಲ್ಲಿ ಕರಗಿದ ಸಾವಯವ ವಸ್ತು ಕಬ್ಬಿಣದ ಆಕ್ಸೈಡ್‌ಗಳ ಧನಾವೇಶದ ತಾಣಗಳನ್ನು ಮೊದಲೇ ಆಕ್ರಮಿಸುತ್ತದೆ. ಬ್ಯಾಕ್ಟೀರಿಯಾಗಳ ಹೊರಮೈ ಸಾಮಾನ್ಯವಾಗಿ ಋಣಾವೇಶದ್ದು. ಅಂಟಲು ಜಾಗ ಸಿಗದೆ ಅವು ಮುಂದೆ ಸಾಗುತ್ತವೆ. ಬಾವಿಯ ಮಗ್ಗುಲಲ್ಲಿ ಹಸಿ ಸಗಣಿಯ ತಿಪ್ಪೆ ಅಪಾಯಕಾರಿ ಎನ್ನುವುದು ಇದಕ್ಕೇ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012 ಪ್ರಕಾರ 100 ಮಿ.ಲೀ. ನೀರಿನಲ್ಲಿ ಸಗಣಿಯಂಥ ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಪತ್ತೆಯಾಗಕೂಡದು.