ಕೋರೆ ಮತ್ತು ದಾಡೆ: ಒಂದು ಶಬ್ದವಿಚಾರ

ಹಂದಿ, ಹುಲಿ, ನಾಯಿಗಳ ಬಾಯಲ್ಲಿ ಉಳಿದ ಹಲ್ಲುಗಳನ್ನು ಮೀರಿ ಬೆಳೆದ ಮೊನಚು ಹಲ್ಲಿಗೆ ಕನ್ನಡದಲ್ಲಿ ಕೋರೆಯೆಂದೂ ದಾಡೆಯೆಂದೂ ಎರಡು ಹೆಸರುಗಳುಂಟು. ಇವೆರಡನ್ನೂ ಸಮಾನಾರ್ಥಕಗಳೆಂದು ವಿದ್ಯಾರ್ಥಿಗಳು ಬರೆದುಕೊಳ್ಳುವುದು ವಾಡಿಕೆ. ಸೂಚಿಸುವ ವಸ್ತು ಒಂದೇ ಆದರೂ ಶಬ್ದಗಳ ಕುಲ ಬೇರೆ, ಅವು ಆ ಹಲ್ಲನ್ನು ಕಂಡ ಬಗೆಯೂ ಬೇರೆ.

ಕೋರೆ ಅಚ್ಚಗನ್ನಡ ಶಬ್ದ. ಹರಿತವೆಂಬುದು ಅದರ ಮೂಲಾರ್ಥವಲ್ಲ; ಬಾಗು, ವಕ್ರತೆ ಎಂಬುದೇ ಮೂಲಾರ್ಥ. 'ಓರೆಕೋರೆ' ಎಂಬ ಜೋಡುನುಡಿಯಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಬರಹದ ಓರೆಕೋರೆಗಳನ್ನು ತಿದ್ದುವಾಗ ಯಾರೂ ಹಲ್ಲನ್ನು ನೆನೆಯುವುದಿಲ್ಲವಷ್ಟೆ! ರಾಯಚೂರು ಸೀಮೆಯ ಕಿವಿಗೆ ಪರಿಚಿತವಾದ ತೆಲುಗಿನ 'ಕೋರ' ಇದರ ಸೋದರಶಬ್ದ. 'ಕೋಡು' ಸಹ ಇದೇ ಬಳಗದ್ದೆಂದು ಭಾಷಾಶಾಸ್ತ್ರಜ್ಞರು ಎಣಿಸುತ್ತಾರೆ. ಅದರ ತಮಿಳು ರೂಪವಾದ 'ಕೋಟು' ಕೊಂಬು, ದಂತ, ವಕ್ರತೆ ಈ ಮೂರನ್ನೂ ಹೇಳುತ್ತದೆ.

ದಾಡೆ ಬಂದ ಹಾದಿ ದೀರ್ಘವಾದುದು. ಸಂಸ್ಕೃತದಲ್ಲಿ 'ಕಚ್ಚು' ಎಂಬರ್ಥದ 'ದಂಶ್' ಧಾತುವಿಗೆ ಕರಣಾರ್ಥದ ಪ್ರತ್ಯಯ ಸೇರಿ 'ದಂಷ್ಟ್ರಾ' ಆಗುತ್ತದೆ. ಎಂದರೆ ಕಚ್ಚುವ ಸಾಧನ. ಇದಕ್ಕೆ ಪಾಣಿನಿಯ ಸೂತ್ರವೇ ಇದೆ. ಪ್ರಾಕೃತದಲ್ಲಿ ಅದು 'ದಾಢಾ' ಎಂದಾಯಿತು. ಕನ್ನಡಕ್ಕೆ ಬರುವಾಗ ಮಹಾಪ್ರಾಣ ಅಳಿದು, 'ಮಾಲಾ' ಶಬ್ದ 'ಮಾಲೆ' ಆದಂತೆ ಕೊನೆಯ ಆಕಾರವು ಎಕಾರವಾಗಿ 'ದಾಡೆ' ನಿಂತಿತು. ಇಂತಹ ತದ್ಭವಗಳಿಗಾಗಿಯೇ ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವನ್ನು ರಚಿಸಿದನು.

ಹಟ್ಟಿಯ ಸುತ್ತಣವರಿಗೆ ಪ್ರಾಕೃತವೆಂಬುದು ಬರಿಯ ಪುಸ್ತಕದ ಹೆಸರಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಅಶೋಕನ ಶಾಸನ ಆ ಭಾಷೆಯದೇ. ದಾಢಾ ಶಬ್ದ ಅದರಲ್ಲಿಲ್ಲ, ಆದರೆ ಕ್ರಿ.ಪೂ. ಮೂರನೆಯ ಶತಮಾನದಷ್ಟು ಹಿಂದೆಯೇ ಪ್ರಾಕೃತ ಈ ನೆಲವನ್ನು ಮುಟ್ಟಿತ್ತೆಂಬುದಕ್ಕೆ ಆ ಬಂಡೆ ಸಾಕ್ಷಿ. ಅದೇ ದಾಢಾ ಹಿಂದಿ, ಉರ್ದುಗಳಲ್ಲಿ 'ದಾಢ್' ಆಗಿ ಅಗಿಯುವ ದವಡೆಹಲ್ಲಿಗೆ ಸಂದಿತು. ಕನ್ನಡದಲ್ಲಿ ಕೋರೆಯ ಅರ್ಥವನ್ನೂ ಉಳಿಸಿಕೊಂಡಿತು. ಕ್ಷೌರದ ದಾಡಿಯೂ ಈ ವಂಶದ್ದೇ ಎಂದು ವಿದ್ವಾಂಸರು ಹೇಳುತ್ತಾರೆ.

ಹೀಗೆ ಸಂಸ್ಕೃತವು ಹಲ್ಲಿನ ಕೆಲಸವನ್ನು ನೋಡಿ ಹೆಸರಿಟ್ಟಿತು, ಕನ್ನಡ ಅದರ ಆಕಾರವನ್ನು ನೋಡಿತು. ರಾಕ್ಷಸವರ್ಣನೆಗಳಲ್ಲಿ ಬರುವ 'ಕೋರೆದಾಡೆ' ಎರಡನ್ನೂ ಕೂಡಿಸಿಕೊಂಡ ಸಮಾಸ. ಅಲ್ಲಿ ಪುನರುಕ್ತಿಯಿದೆಯೆನ್ನುವುದು ಸರಿಯಲ್ಲ, ಬಾಗಿದ ದಾಡೆಯೆಂಬುದೇ ಅದರ ಅರ್ಥ. ವಿಜ್ಞಾನದ ಪಾಠಗಳು ಮನುಷ್ಯನ ನಾಲ್ಕು ಮೊನಚು ಹಲ್ಲುಗಳನ್ನೂ ಕೋರೆಹಲ್ಲುಗಳೆಂದೇ ಕರೆಯುತ್ತವೆ, ಅವು ಅಷ್ಟೇನೂ ಬಾಗಿಲ್ಲದಿದ್ದರೂ. ಕಾಡುಹಂದಿಯ ಕೋರೆ ಆ ಶಾಸ್ತ್ರದ ಲೆಕ್ಕಕ್ಕೂ ಕೋರೆಹಲ್ಲೇ ಸರಿ. ಆನೆಯದು ಮಾತ್ರ ಹಾಗಲ್ಲ: ಬಾಗಿ ಹೊರಚಾಚಿದ ಅದರ ದಂತ ವಾಸ್ತವದಲ್ಲಿ ಮೇಲ್ದವಡೆಯ ಬಾಚಿಹಲ್ಲು.