ಸಿಲಿಂಡರಿನ ಮೇಲೆ ಏನು ಬರೆದಿದೆ?



ನೀವು ಈಗ ಓದಲು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಪಡಿತರ ಚೀಟಿಯಲ್ಲಿ ನಿಮ್ಮ ಹೆಸರು ಹುಡುಕುತ್ತೀರಿ. ಓದಬೇಕಾದ ಇನ್ನೊಂದು ವಸ್ತು ನಿಮ್ಮ ಅಡುಗೆಮನೆಯಲ್ಲೇ ಇದೆ. ಅದೇ ಗ್ಯಾಸ್ ಸಿಲಿಂಡರ್. ಅದರ ಮೇಲೆ ಅಂಕಿಗಳಿವೆ, ಅಕ್ಷರಗಳಿವೆ. ಅವನ್ನು ಓದಿದರೆ ಹಣ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಮೊದಲು ಒಂದು ವಾದ ಕೇಳೋಣ. ಇಂಥ ವಾದ ನಿಮ್ಮ ಊರಲ್ಲೂ ನಡೆದಿರಬಹುದು.

ಸೌದೆಯೋ, ಗ್ಯಾಸೋ?

ಅತ್ತೆ: ಗ್ಯಾಸ್ ಮುಗಿದರೆ ಮುಗೀಲಿ ಬಿಡೇ. ಸೌದೆ ಒಲೆ ಇಲ್ವಾ? ಅದರ ಮೇಲೆ ಬೆಂದ ಸಾರಿನ ರುಚಿನೇ ಬೇರೆ.

ಸೊಸೆ: ರುಚಿ ಇರಬಹುದು ಅತ್ತೆ. ಆದರೆ ಊದಿ ಊದಿ ನನಗೆ ಕೆಮ್ಮು ಹತ್ತಿದೆ. ಕಣ್ಣು ಉರೀತದೆ.

ಅತ್ತೆ: ನಾವೆಲ್ಲ ಊದಲಿಲ್ವಾ? ಗ್ಯಾಸಿಗೆ ದುಡ್ಡು ಎಲ್ಲಿಂದ ತರೋದು? ಸೌದೆ ಆದರೆ ಪುಕ್ಕಟೆ.

ಪಕ್ಕದ ಮನೆ ಅಕ್ಕ: ಪುಕ್ಕಟೆನಾ ದೊಡ್ಡಮ್ಮ? ಸೌದೆ ತಾನಾಗೇ ನಡ್ಕೊಂಡು ಮನೆಗೆ ಬರ್ತದಾ?

ಅತ್ತೆ: ಅದೆಲ್ಲಿ ನಡೀತದೆ? ನಾವೇ ಹೊತ್ಕೊಂಡು ಬರ್ತೀವಿ.

ಅಕ್ಕ: ಹಾಗಾದ್ರೆ ಹೊತ್ತ ಕೂಲಿ ನಿಮಗೆ ಯಾರು ಕೊಟ್ರು?

ಅತ್ತೆ ಸುಮ್ಮನಾದರು. ಆಮೇಲೆ, "ಲೆಕ್ಕ ಹಾಕಿ ತೋರ್ಸು ನೋಡೋಣ" ಅಂದರು. ಬನ್ನಿ, ನಾವೂ ಲೆಕ್ಕ ಹಾಕೋಣ.

ವಾರಕ್ಕೆ 3 ಸಲ ಸೌದೆಗೆ ಹೋಗುತ್ತೀರಿ ಎಂದುಕೊಳ್ಳಿ. ಹೋಗಿ ಬರಲು ಒಂದು ಸಲಕ್ಕೆ 3 ಗಂಟೆ ಬೇಕು.
ಒಂದು ವಾರಕ್ಕೆ: 3 × 3 = 9 ಗಂಟೆ.
ನಾಲ್ಕು ವಾರಕ್ಕೆ: 9 × 4 = 36 ಗಂಟೆ.
8 ಗಂಟೆ ದುಡಿದರೆ ಒಂದು ದಿನದ ಕೂಲಿ.
36 ಗಂಟೆ ಎಂದರೆ ನಾಲ್ಕೂವರೆ ದಿನದ ಕೂಲಿ.

ನಿಮ್ಮ ಊರಿನಲ್ಲಿ ದಿನದ ಕೂಲಿ ಎಷ್ಟು? ಅದನ್ನು ನಾಲ್ಕೂವರೆಯಿಂದ ಗುಣಿಸಿ. ಅಷ್ಟು ದುಡಿಮೆ ಸೌದೆಗೆ ಹೋಯಿತು.

ಅತ್ತೆಯ ಮಾತಿನಲ್ಲೂ ನಿಜ ಇದೆ. "ಕೂಲಿ ದಿನಾ ಸಿಗಲ್ಲ. ಗ್ಯಾಸಿಗೆ ಮಾತ್ರ ಕೈಯಲ್ಲಿ ನಗದೇ ಬೇಕು" ಅಂದರು ಅವರು. ಇದು ಸುಳ್ಳಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ಎರಡೂ ಒಲೆ ಇವೆ. ನಗದು ಇದ್ದಾಗ ಗ್ಯಾಸ್, ಇಲ್ಲದಾಗ ಸೌದೆ.

ಹೊಗೆಯ ಬೆಲೆ

ಕೂಲಿಯ ಲೆಕ್ಕ ಆಯಿತು. ಇನ್ನು ಹೊಗೆಯ ಲೆಕ್ಕ. ಸೌದೆ, ಬೆರಣಿ ಉರಿಯುವಾಗ ಹೊಗೆಯಲ್ಲಿ ಬಹಳ ಸಣ್ಣ ಕಣಗಳು ಬರುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ. ಉಸಿರಿನ ಜೊತೆ ಒಳಗೆ ಹೋಗುತ್ತವೆ. ಶ್ವಾಸಕೋಶದ ಆಳದಲ್ಲಿ ಕೂರುತ್ತವೆ. ಇದರಿಂದ ಕೆಮ್ಮು, ಉಬ್ಬಸ, ಎದೆಯ ಕಾಯಿಲೆ ಬರುತ್ತವೆ. ಮಕ್ಕಳಿಗೆ ನ್ಯುಮೋನಿಯಾ ಬರಬಹುದು. 2020ರಲ್ಲಿ ಮನೆಯೊಳಗಿನ ಇಂಥ ಹೊಗೆಯಿಂದ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಒಲೆಯ ಮುಂದೆ ಹೆಚ್ಚು ಹೊತ್ತು ಕೂರುವವರು ಯಾರು? ಹೆಂಗಸರು. ಅವರ ಕಂಕುಳಲ್ಲಿ ಇರುವವರು ಯಾರು? ಮಕ್ಕಳು.

ಗ್ಯಾಸ್ ಸಾಲದಿದ್ದರೆ ಹೀಗೆ ಮಾಡಿ. ಮನೆಯ ಒಳಗಿನ ಅಡುಗೆ ಗ್ಯಾಸಿನ ಮೇಲೆ ಮಾಡಿ. ಸ್ನಾನದ ನೀರು ಹೊರಗೆ ಸೌದೆಯಲ್ಲಿ ಕಾಯಿಸಿ. ಒಳಗೇ ಸೌದೆ ಉರಿಸಬೇಕಾದರೆ ಹೊಗೆ ಕೊಳವೆ ಇರುವ ಒಲೆ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 'ಅಸ್ತ್ರ ಒಲೆ' ಎಂಬ ಒಲೆಯನ್ನು ರೂಪಿಸಿದ್ದರು. ಅದು ಮೂರು ಪಾತ್ರೆ ಇಡುವ ಒಲೆ. ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಸೌದೆಯೂ ಕಡಿಮೆ ಸಾಕು.

ಸರ್ಕಾರ ಎಷ್ಟು ಕೊಡಬೇಕು?

2016ರ ಮೇ 1ರಂದು ಕೇಂದ್ರ ಸರ್ಕಾರ 'ಉಜ್ವಲಾ' ಯೋಜನೆ ಶುರು ಮಾಡಿತು. ಇದರಲ್ಲಿ ಬಡ ಕುಟುಂಬಗಳಿಗೆ ಠೇವಣಿ ಇಲ್ಲದೆ ಗ್ಯಾಸ್ ಸಂಪರ್ಕ ಸಿಕ್ಕಿತು. ಸಂಪರ್ಕ ಮನೆಯ ಹೆಂಗಸಿನ ಹೆಸರಿನಲ್ಲೇ ಇರುತ್ತದೆ. 2022ರ ಮೇ ತಿಂಗಳಲ್ಲಿ ಈ ಮನೆಗಳಿಗೆ ಸಿಲಿಂಡರಿಗೆ 200 ರೂಪಾಯಿ ಸಹಾಯಧನ ಘೋಷಿಸಿದರು. 2023ರ ಅಕ್ಟೋಬರ್‌ನಲ್ಲಿ ಅದು 300 ರೂಪಾಯಿ ಆಯಿತು. ಮೊದಲು ಪೂರ್ತಿ ಹಣ ಕೊಟ್ಟು ಸಿಲಿಂಡರ್ ಕೊಳ್ಳಬೇಕು. ಸಹಾಯಧನ ಆಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ.

ಸೊಸೆ: ಮೊದಲೇ ಕಡಿಮೆ ಮಾಡಿ ಕೊಟ್ರೆ ಏನಂತೆ? ತಿಂಗಳ ಕೊನೆಗೆ ಅಷ್ಟು ದುಡ್ಡು ಎಲ್ಲಿರ್ತದೆ?

ಅಕ್ಕ: ಹಾಗೆ ಕೊಟ್ರೆ ನಮ್ಮ ಸಿಲಿಂಡರ್ ಹೋಟೆಲಿಗೆ ಹೋಗ್ತದೆ ಅಂತ ಅವರ ವಾದ. ಖಾತೆಗೆ ಹಾಕಿದ್ರೆ ಮಧ್ಯೆ ಯಾರೂ ತಿನ್ನಲ್ಲ ಅಂತಾರೆ.

ಅತ್ತೆ: ಪೂರ್ತಿ ಪುಕ್ಕಟೆ ಕೊಟ್ಟುಬಿಡಲಿ.

ಅಕ್ಕ: ಸರ್ಕಾರದ ದುಡ್ಡು ಅಂದ್ರೆ ಯಾರ ದುಡ್ಡು ದೊಡ್ಡಮ್ಮ? ನಾವು ಸೋಪು ಕೊಂಡಾಗ ಕೊಟ್ಟ ತೆರಿಗೆನೂ ಅದರಲ್ಲಿದೆ. ಗ್ಯಾಸಿಗೇ ಎಲ್ಲಾ ಹಾಕಿದ್ರೆ ಆಸ್ಪತ್ರೆಗೆ ಏನು ಉಳೀತದೆ?

ಸೊಸೆ: ಹೊಗೆ ಕುಡಿದು ಆಸ್ಪತ್ರೆ ಸೇರೋದು ತಪ್ಪಿದ್ರೆ ಅಲ್ಲೂ ಖರ್ಚು ಉಳೀತದಲ್ಲಕ್ಕ?

ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶ ಬಳಸಿದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ಬಂದಿದೆ. ಅಲ್ಲಿ ಬೆಲೆ ಏರಿದರೆ ಆ ಹೊರೆ ಯಾರಾದರೂ ಹೊರಬೇಕು. ಕೊಳ್ಳುವವರು ಹೊರಬೇಕೇ, ಸರ್ಕಾರ ಹೊರಬೇಕೇ? ಎಷ್ಟೆಷ್ಟು? ಇದನ್ನು ಕುರಿತು ಮಾತಾಡುವ ಹಕ್ಕು ನಿಮಗೂ ಇದೆ. ಸಂಘದ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಕೇಳಿ.

ನಿಮ್ಮದು ಉಜ್ವಲಾ ಸಂಪರ್ಕವೇ? ಹಾಗಾದರೆ ಪಾಸ್‌ಬುಕ್ ಬರೆಸಿ ತನ್ನಿ. ಸಹಾಯಧನ ಬಂದಿದೆಯೇ ಎಂದು ನೀವೇ ಓದಿ.

ಸಿಲಿಂಡರ್ ಓದುವುದು ಹೇಗೆ?

ಕಬ್ಬಿಣದ ಸಿಲಿಂಡರಿನ ಮೇಲ್ಭಾಗ ನೋಡಿ. ಹಿಡಿಯುವ ಬಳೆಯ ಕೆಳಗೆ ಮೂರು ಪಟ್ಟಿಗಳಿವೆ. ಓದಬೇಕಾದ್ದು ಅಲ್ಲೇ ಇದೆ.

ಒಂದು: ತೂಕ. ಪಟ್ಟಿಯ ಮೇಲೆ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತದೆ. 15.8 ಎಂದು ಬರೆದಿದೆ ಎನ್ನಿ. ಮನೆ ಬಳಕೆಯ ದೊಡ್ಡ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರಬೇಕು. ಎರಡನ್ನೂ ಕೂಡಿಸಿ.
15.8 + 14.2 = 30 ಕಿಲೋ.
ತಕ್ಕಡಿಯಲ್ಲಿ 28.5 ತೋರಿಸಿದರೆ ಒಂದೂವರೆ ಕಿಲೋ ಗ್ಯಾಸ್ ಇಲ್ಲ ಎಂದು ಅರ್ಥ. ಅಂಥ ಸಿಲಿಂಡರ್ ತೆಗೆದುಕೊಳ್ಳಬೇಡಿ. "ತೂಕ ಮಾಡಿ ಕೊಡಪ್ಪ" ಎಂದು ಕೇಳುವುದು ಜಗಳವಲ್ಲ. ಅದು ನಿಮ್ಮ ಹಕ್ಕು.

ಎರಡು: ತಪಾಸಣೆಯ ಗಡುವು. ಪಟ್ಟಿಯ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಇರುತ್ತವೆ. ನಾಲ್ಕೇ ಅಕ್ಷರ ಕಲಿತರೆ ಸಾಕು. ನಿಮಗೆ ಕಲಿಸುವವರು ಹಲಗೆಯ ಮೇಲೆ ಬರೆದು ತೋರಿಸುತ್ತಾರೆ.

ಎ – ಜನವರಿಯಿಂದ ಮಾರ್ಚ್
ಬಿ – ಏಪ್ರಿಲ್‌ನಿಂದ ಜೂನ್
ಸಿ – ಜುಲೈಯಿಂದ ಸೆಪ್ಟೆಂಬರ್
ಡಿ – ಅಕ್ಟೋಬರ್‌ನಿಂದ ಡಿಸೆಂಬರ್

ಅಂಕಿ ಎಂದರೆ ವರ್ಷ. 'ಬಿ 28' ಎಂದಿದ್ದರೆ 2028ರ ಜೂನ್ ಕೊನೆಯೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಬೇಕು. ಗಡುವು ದಾಟಿದ ಸಿಲಿಂಡರ್ ತಂದರೆ ವಾಪಸು ಕಳಿಸಿ.

ಮೂರು: ಬಿಲ್ಲು. ಮನೆಗೆ ತಂದುಕೊಡುವ ಶುಲ್ಕ ಬಿಲ್ಲಿನಲ್ಲೇ ಸೇರಿರುತ್ತದೆ. ಬಿಲ್ಲು ಓದಿ, ಅಷ್ಟೇ ಹಣ ಕೊಡಿ. ಮೊಬೈಲಿಗೆ ಗುಟ್ಟಿನ ಸಂಖ್ಯೆ ಬಂದರೆ ಸಿಲಿಂಡರ್ ಮನೆಗೆ ಬಂದ ಮೇಲೆಯೇ ಅದನ್ನು ಹೇಳಿ. ಮೋಸ ಆದರೆ ಮೊದಲು ಏಜೆನ್ಸಿಗೆ ದೂರು ಕೊಡಿ. ಅಲ್ಲಿ ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಗ್ಯಾಸ್ ವಾಸನೆ ಬಂದರೆ

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಸೋರಿದ್ದು ತಿಳಿಯಲಿ ಎಂದೇ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ವಾಸನೆ ಬಂದ ಕೂಡಲೇ ಹೀಗೆ ಮಾಡಿ:

• ದೀಪ, ಒಲೆ, ಊದುಬತ್ತಿ ಎಲ್ಲವನ್ನೂ ಆರಿಸಿ.
• ಕರೆಂಟಿನ ಸ್ವಿಚ್ ಮುಟ್ಟಬೇಡಿ. ಹಾಕಲೂ ಬೇಡಿ, ಆರಿಸಲೂ ಬೇಡಿ.
• ರೆಗ್ಯುಲೇಟರ್ ಬಂದ್ ಮಾಡಿ.
• ಬಾಗಿಲು, ಕಿಟಕಿ ತೆರೆಯಿರಿ.
• ಎಲ್ಲರೂ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ.

ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಲಿ. ಪೈಪಿನ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ. ಐದು ವರ್ಷಕ್ಕೊಮ್ಮೆ ಪೈಪು ಬದಲಿಸಿ. ಅದಕ್ಕೂ ಮೊದಲೇ ಬಿರುಕು ಬಿಟ್ಟರೆ ಆಗಲೇ ಬದಲಿಸಿ.

ಮಾಡಿ ನೋಡಿ

1. ನಿಮ್ಮ ಮನೆಯ ಸಿಲಿಂಡರಿನ ಖಾಲಿ ತೂಕ ಎಷ್ಟು? ತುಂಬಿದಾಗ ಎಷ್ಟು ಇರಬೇಕು? ಕೂಡಿಸಿ ಬರೆಯಿರಿ.
2. 'ಡಿ 27' ಎಂದರೆ ಯಾವ ವರ್ಷ? ಯಾವ ತಿಂಗಳುಗಳು?
3. ಸೌದೆ ತರಲು ನಿಮಗೆ ತಿಂಗಳಿಗೆ ಎಷ್ಟು ಗಂಟೆ ಬೇಕು? ಲೆಕ್ಕ ಹಾಕಿ.
4. 1906 ಮತ್ತು 1915, ಈ ಎರಡು ಸಂಖ್ಯೆಗಳನ್ನು ದೊಡ್ಡದಾಗಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ.
5. ಸಹಾಯಧನ ಮೊದಲೇ ಕಡಿತ ಆಗಬೇಕೇ, ಖಾತೆಗೆ ಬರಬೇಕೇ? ನಿಮ್ಮ ಅಭಿಪ್ರಾಯವನ್ನು ಐದು ಸಾಲಿನಲ್ಲಿ ಬರೆಯಿರಿ. ಸಂಘದಲ್ಲಿ ಓದಿ ಹೇಳಿ.