ಗಾಳಿ ಇದ್ದರೂ ನಿಂತ ಯಂತ್ರ: ಎಂಟನೇ ತರಗತಿಯ ಒಂದು ಪ್ರಶ್ನೆ

ಬಿಟ್ಟಂಗಾಲದಲ್ಲಿ ಎಂಟನೇ ತರಗತಿಗೆ ಗಾಳಿಯಿಂದ ವಿದ್ಯುತ್ ತಯಾರಾಗುವ ಬಗ್ಗೆ ಅಭ್ಯಾಸ ಪಾಠ ಮಾಡುತ್ತಿದ್ದೆ. ಪಾಠ ಟಿಪ್ಪಣಿಯಲ್ಲಿ ಬರೆದುಕೊಂಡದ್ದು ಇಷ್ಟೇ: ‘ಗಾಳಿ ಬೀಸಿದರೆ ಯಂತ್ರ ತಿರುಗುತ್ತದೆ, ಬೀಸದಿದ್ದರೆ ನಿಲ್ಲುತ್ತದೆ.’ ಡಿಸೆಂಬರ್‌ನಲ್ಲಿ ಚಿತ್ರದುರ್ಗಕ್ಕೆ ಪ್ರವಾಸ ಹೋಗಿ ಬಂದಿದ್ದ ಹುಡುಗನೊಬ್ಬ ಎದ್ದು ನಿಂತ. “ಟೀಚರ್, ಕೋಟೆ ಮೇಲೆ ನನ್ನ ಟೋಪಿ ಹಾರಿ ಹೋಯ್ತು, ಅಷ್ಟು ಗಾಳಿ. ಆದ್ರೂ ಎದುರು ಗುಡ್ಡದ ಫ್ಯಾನ್ ನಿಂತೇ ಇತ್ತು.” ಹಿಂದಿನ ಬೆಂಚಿನ ಹುಡುಗಿ ಸೇರಿಸಿದಳು: “ಅದರ ಪಕ್ಕದ್ದು ತಿರುಗ್ತಾ ಇತ್ತು.”

ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ನೋಡೋಣ ಎಂದೆ. ಆ ನಾಳೆಯ ಪಾಠ ಇದು.

ಮೊದಲು ಮಕ್ಕಳನ್ನು ಬೇಲಿಯ ಬಳಿ ಕರೆದೊಯ್ದೆ. ಪಕ್ಕದ ತೋಟದಲ್ಲಿ ಸಿಲ್ವರ್ ಓಕ್ ಮರಗಳ ತುದಿ ತೂಗುತ್ತಿತ್ತು, ಕೆಳಗೆ ಕಾಫಿ ಗಿಡದ ಎಲೆ ಅಲುಗುತ್ತಿರಲಿಲ್ಲ. ಕೋಟೆಯ ಮೇಲೆ ಟೋಪಿ ಹಾರಿಸಿದ ಗಾಳಿಯೇ ಎದುರು ಗುಡ್ಡದಲ್ಲೂ ಇತ್ತೆಂದು ಹೇಳಲಾಗದು ಎಂಬುದನ್ನು ಅವರೇ ಕಂಡುಕೊಂಡರು.

ಸಾಮಾನ್ಯವಾಗಿ ಗಾಳಿಯ ವೇಗ ಸೆಕೆಂಡಿಗೆ 3ರಿಂದ 4 ಮೀಟರ್ ಮುಟ್ಟಿದ ಮೇಲೆಯೇ ಯಂತ್ರ ವಿದ್ಯುತ್ ಕೊಡತೊಡಗುತ್ತದೆ. ಗಾಳಿಯ ಸಾಮರ್ಥ್ಯ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ವೇಗ 4ರಿಂದ 8 ಮೀಟರಿಗೆ ಏರಿದರೆ ಸಾಮರ್ಥ್ಯ ಎಂಟು ಪಟ್ಟು. ಮಂದ ಗಾಳಿಯಲ್ಲಿ ನಿಂತಿದ್ದರೆ ನಷ್ಟ ಅಲ್ಪವೇ. ಕರ್ನಾಟಕದಲ್ಲಿ ಗಾಳಿ ವಿದ್ಯುತ್ತಿನ ಸುಗ್ಗಿ ನೈರುತ್ಯ ಮುಂಗಾರಿನ ತಿಂಗಳುಗಳು, ಡಿಸೆಂಬರ್ ಅಲ್ಲ. ಇನ್ನೊಂದು ತುದಿಯಲ್ಲಿ, ವೇಗ ಸುಮಾರು 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್ ದಾಟಿದರೆ ರೆಕ್ಕೆಗಳು ಗಾಳಿಗೆ ಅಂಚು ಕೊಟ್ಟು ಹೊರಳಿ ಯಂತ್ರ ನಿಲ್ಲುತ್ತದೆ. “ಜೋರು ಗಾಳಿಗೆ ಕೊಡೆ ಮಡಚಿದ ಹಾಗೆ” ಎಂದಳೊಬ್ಬಳು. ನನ್ನ ರಟ್ಟಿನ ಪ್ರಯೋಗಕ್ಕಿಂತ ಅದೇ ಚೆನ್ನಾಗಿತ್ತು.

ಹೆಚ್ಚು ಹೊತ್ತು ಹಿಡಿದದ್ದು ಮೂರನೆಯ ಕಾರಣ. ಆಟಿಕೆ ಕಾರಿನ ಮೋಟಾರಿಗೆ ಚಿಕ್ಕ ಗಾಲಿ ಸಿಕ್ಕಿಸಿ ಕೈಯಿಂದ ಕೈಗೆ ಕೊಟ್ಟೆ. ಎರಡು ತಂತಿಗಳು ಬಿಡಿಯಾಗಿದ್ದಾಗ ಗಾಲಿ ಸಲೀಸಾಗಿ ತಿರುಗಿತು. ತುದಿಗಳನ್ನು ಜೋಡಿಸಿದಾಗ ಬಿಗಿಯಾಯಿತು. ನಂಬದವರು ಎರಡೆರಡು ಸಲ ತಿರುಗಿಸಿ ನೋಡಿದರು. ಹರಿಯುವ ವಿದ್ಯುತ್ತೇ ತಿರುಗುವಿಕೆಗೆ ತಡೆ. ಗುಡ್ಡದ ಮೇಲಿನ ಯಂತ್ರದಲ್ಲೂ ವಿದ್ಯುತ್ ಗ್ರಿಡ್‌ಗೆ ಹರಿಯುವಷ್ಟು ಹೊತ್ತು ಈ ತಡೆ ಇರುತ್ತದೆ. ಲೈನ್ ಕಡಿದರೆ ತಡೆ ಹೋಗಿ ರೆಕ್ಕೆಗಳ ವೇಗ ಮಿತಿ ಮೀರುತ್ತದೆ, ಹಾಗಾಗಿ ಕೂಡಲೇ ನಿಲ್ಲಿಸಬೇಕು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದೆ ಕಳೆದ ಮಕ್ಕಳು ಇವರು. “ಹಾಗಾದ್ರೆ ನಮ್ಮೂರಲ್ಲಿ ಇಂಥ ಯಂತ್ರ ಇದ್ರೂ ಆವತ್ತು ಕತ್ತಲೆಯೇನಾ ಟೀಚರ್?” ಗ್ರಿಡ್‌ಗೆ ಜೋಡಿಸಿದ್ದಾದರೆ ಸಾಮಾನ್ಯವಾಗಿ ಹೌದು ಎಂದೆ. ತರಗತಿಗೆ ಅದು ಹಿಡಿಸಲಿಲ್ಲ.

ಲೈನ್ ಸರಿಯಿದ್ದರೂ ಬಳಸುವವರು ಬೇಕು. ಗ್ರಿಡ್‌ನ ಆವರ್ತನ 50 ಹರ್ಟ್ಸ್ ಸುತ್ತಲೇ ಇರಬೇಕಾದರೆ ಆ ಕ್ಷಣದ ಉತ್ಪಾದನೆ ಮತ್ತು ಬಳಕೆ ಸರಿದೂಗಬೇಕು. ಮುಂಗಾರಿನಲ್ಲಿ ಗಾಳಿ ಹೆಚ್ಚು, ಪಂಪ್‌ಸೆಟ್‌ಗಳ ಬೇಡಿಕೆ ಕಡಿಮೆ. ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ ಉತ್ಪಾದನೆ ತಗ್ಗಿಸಲು ಸೂಚಿಸುವುದೂ ಉಂಟು. ಇನ್ನು ರಿಪೇರಿಗೆ ನಿಲ್ಲಿಸುವುದು ಎಲ್ಲರಿಗೂ ಗೊತ್ತಿರುವ ವಿಷಯ.

ಕಾರಣಗಳನ್ನೆಲ್ಲ ಹಲಗೆಯ ಮೇಲೆ ಬರೆದು, ‘ಪಕ್ಕದ್ದು ತಿರುಗುತ್ತಿತ್ತು’ ಎಂಬ ಒಂದೇ ಸುಳಿವಿನಿಂದ ಯಾವುದನ್ನು ಹೊಡೆದು ಹಾಕಬಹುದು ಎಂದು ಕೇಳಿದೆ. ಬಿರುಗಾಳಿಯನ್ನು ತಕ್ಷಣ ಹೊಡೆದರು. ಎರಡೂ ಒಂದೇ ಲೈನಿನವಾದರೆ ಲೈನ್ ಕಡಿದದ್ದೂ ಅಲ್ಲ. ಮಂದ ಗಾಳಿಯ ಬಗ್ಗೆ ಜಗಳವಾಯಿತು: ಗುಡ್ಡದ ಏಣಿನಲ್ಲಿ ಒಂದಕ್ಕೆ ಸಾಕಾಗುವ ಗಾಳಿ ಇನ್ನೊಂದಕ್ಕೆ ಸಾಲದಿರಬಹುದು ಎಂದು ಸಿಲ್ವರ್ ಓಕ್ ತೋರಿಸಿ ವಾದಿಸಿದರು. ರಿಪೇರಿಗೆ ಹೆಚ್ಚು ಕೈ ಎದ್ದವು. ಟೋಪಿಯ ಹುಡುಗ ಕೈ ಎತ್ತಲಿಲ್ಲ. ಕಂಬದ ಬುಡದಲ್ಲಿ ಜೀಪು ಇತ್ತೇ ಎಂದು ತಾನು ನೋಡಿರಲಿಲ್ಲ ಎಂದ.

ಅವಧಿ ಮುಗಿದು ಮೌಲ್ಯಮಾಪನದ ಪ್ರಶ್ನೆಗಳು ಉಳಿದವು. ಮಾರ್ಗದರ್ಶಕರು ಅದನ್ನು ಗುರುತು ಹಾಕಿಕೊಂಡರು, ನ್ಯಾಯವೇ. ಈ ಪಾಠ ಮಾಡುವವರು ಎರಡು ಅವಧಿ ಇಟ್ಟುಕೊಳ್ಳಿ. ಮೋಟಾರು ಒಂದು ಸಾಲದು, ನಾಲ್ಕೈದು ಬೇಕು.